ಮಂಜಿನ ದಿನದ ಹನ್ನೆರಡನೇ ಆಟಗಾರ

ನನ್ನ ಗಂಡ ಕ್ಲಿಫ್ ಹ್ಯಾಲಿವೆಲ್ ನಮ್ಮೂರ ಫುಟ್‌ಬಾಲ್ ತಂಡವಾದ ಟೌನ್‌ನ ಪರವಾಗಿ ಒಂದೇ ಒಂದು ಸಲ ಆಡಿದ್ದಾನೆ. ಅದನ್ನು ಯಾರೂ ನೋಡಿಲ್ಲ. ಜನ ಬಂದಿರಲಿಲ್ಲವೆಂದಲ್ಲ, ಮೈದಾನ ಮುಕ್ಕಾಲು ಪಾಲು ತುಂಬಿತ್ತು, ಅಪ್ಪನ ಜೊತೆ ನಾನೂ ಇದ್ದೆ. ಮಂಜು ಕವಿದಿತ್ತು, ಅಷ್ಟೇ.

ಇಂಗ್ಲೆಂಡ್ ವಿಶ್ವಕಪ್ ಗೆದ್ದ ಮರುವರ್ಷದ ಜನವರಿ ಅದು. ನಮ್ಮೂರು ಆಕನ್‌ಶಾದ ಹತ್ತಿ ಗಿರಣಿಗಳು ಇನ್ನೂ ಹೊಗೆ ಬಿಡುತ್ತಿದ್ದ ಕಾಲ. ಮೊದಲಾರ್ಧ ಮುಗಿಯುವಷ್ಟರಲ್ಲಿ ಆಚೆ ತುದಿಯ ಗೋಲುಕಂಬ ಕಾಣದಾಯಿತು, ವಿರಾಮದ ನಂತರ ಈಚೆ ತುದಿಯದೂ ಹೋಯಿತು. ಚೆಂಡು ಒದೆಯುವ ಸದ್ದು, ಆಟಗಾರರು ಒಬ್ಬರನ್ನೊಬ್ಬರು ಬೈಯುವ ಸದ್ದು ಮಾತ್ರ ಕೇಳುತ್ತಿತ್ತು. ಆಗ ಧ್ವನಿವರ್ಧಕವು, ಗಾಯಗೊಂಡ ಯಾರದೋ ಬದಲಿಗೆ ಹನ್ನೆರಡನೇ ಅಂಗಿಯ ಹ್ಯಾಲಿವೆಲ್ ಬರುತ್ತಿದ್ದಾನೆ ಎಂದು ಸಾರಿತು.

"ಹೊಸ ಹುಡುಗ," ಅಂದರು ಅಪ್ಪ, ಮಂಜಿನ ಕಡೆ ನೋಡುತ್ತಾ. "ಪರವಾಗಿಲ್ಲ, ಚೆನ್ನಾಗಿ ಓಡ್ತಾನೆ."

ಕಾಲು ಗಂಟೆ ಕಳೆಯಿತೋ ಇಲ್ಲವೋ, ರೆಫರಿ ಉದ್ದಕ್ಕೆ ಸೀಟಿ ಊದಿ ಪಂದ್ಯವನ್ನೇ ರದ್ದು ಮಾಡಿದರು. ಫೆಬ್ರವರಿಯಲ್ಲಿ ಅದೇ ಪಂದ್ಯವನ್ನು ಮೊದಲಿನಿಂದ ಮತ್ತೆ ಆಡಿಸಿದಾಗ ಕ್ಲಿಫ್‌ನನ್ನು ಆರಿಸಲಿಲ್ಲ. ಬೇಸಿಗೆಯಲ್ಲಿ ಅವನನ್ನು ತಂಡದಿಂದ ಬಿಟ್ಟರು. ಅವನು ಬಸ್ ಓಡಿಸುವ ಕೆಲಸಕ್ಕೆ ಸೇರಿದ.

ಎರಡು ವರ್ಷದ ಮೇಲೆ ನಾನು ಆ ಬಸ್ ಹತ್ತಿದೆ. ಹೆಸರು ಹೇಳುವ ಮುಂಚೆಯೇ, "ನಾನು ಟೌನ್‌ಗೆ ಆಡಿದ್ದೀನಿ," ಅಂದ. "ಹಂಗಾದ್ರೆ ರಸ್ತೆ ನೋಡ್ಕೊಂಡು ಓಡ್ಸು," ಅಂದೆ. ಮುಂದಿನ ವರ್ಷ ಮದುವೆಯಾಯಿತು.

ನಮ್ಮೂರಲ್ಲಿ ಟೌನ್‌ಗೆ ಆಡಿದವನು ಅಂದರೆ ಅದಕ್ಕೊಂದು ತೂಕ. ಕ್ಷೌರದ ಅಂಗಡಿಯಲ್ಲಿ ಕ್ಲಿಫ್ ಸರದಿ ಕಾಯುವುದಿಲ್ಲ. ಹಳೆಯ ಆಟಗಾರ ಯಾರಾದರೂ ತೀರಿಕೊಂಡರೆ ಶವಪೆಟ್ಟಿಗೆಗೆ ಹೆಗಲು ಕೊಡುವವರು ಉಳಿದ ಹಳೆಯ ಆಟಗಾರರೇ, ಅದಕ್ಕೆ ಕ್ಲಿಫ್‌ಗೆ ಪ್ರತಿ ಸಲವೂ ಕರೆ ಬರುತ್ತದೆ. ಮುನ್ನೂರು ಪಂದ್ಯ ಆಡಿದವರನ್ನೆಲ್ಲ ಕಾಲು ಗಂಟೆ ಆಡಿದವನು ಹೊತ್ತಿದ್ದಾನೆ. ಅವರಾರೂ ಆಕ್ಷೇಪಿಸಿಲ್ಲ.

ಆಗಿನ ಆಟಗಾರರೇ ಬೇರೆ ಥರ ಇದ್ದರು ಎನ್ನುವುದು ಮುದುಕರ ಮಾತು. ಆದರೂ ಬೇರೆ ಥರ ಇದ್ದರು. ಪ್ರೆಸ್ಟನ್ನಿನ ಟಾಮ್ ಫಿನಿ ಇಂಗ್ಲೆಂಡಿಗೆ ಆಡುತ್ತಿದ್ದಾಗಲೂ ಕೊಳಾಯಿ ಕೆಲಸ ಬಿಟ್ಟಿರಲಿಲ್ಲ. ನಮ್ಮ ಟೌನ್‌ನ ಎಡಗಡೆಯ ಬ್ಯಾಕ್ ಆಟಗಾರ ಒಂದು ಬೇಸಿಗೆಯಲ್ಲಿ ನಮ್ಮಪ್ಪನ ಮನೆಯ ಚಾವಣಿಗೆ ಗಾರೆ ಹಾಕಿದ. ಡಿಸೆಂಬರಿನಲ್ಲಿ ಅದು ಕಿತ್ತು ಬಂತು. ಅಪ್ಪ ಶನಿವಾರದವರೆಗೆ ಕಾದು, ಅವನು ಚೆಂಡೆಸೆಯಲು ಗೆರೆಯ ಹತ್ತಿರ ಬಂದಾಗ ವಿಷಯ ತಿಳಿಸಿದರು. ಅವನು ಚೆಂಡನ್ನು ನೇರವಾಗಿ ಎದುರಾಳಿಗೆ ಎಸೆದ.

ಈಗ ನಮ್ಮ ಗೋಲ್‌ಕೀಪರ್ ಮ್ಯಾಂಚೆಸ್ಟರಿನ ದೊಡ್ಡ ತಂಡವೊಂದರಿಂದ ಎರವಲು ಬಂದ ಹುಡುಗ. ಸೆಪ್ಟೆಂಬರಿನಲ್ಲಿ ಬಂದ, ಜನವರಿಗೆ ಹೋಗುತ್ತಾನೆ. ಅವನ ಕಾರು ನಮ್ಮ ಅಡುಗೆಮನೆಗಿಂತ ಅಗಲ. ಒಳ್ಳೆಯ ಹುಡುಗ, ಎದುರಿಗೆ ಸಿಕ್ಕರೆ ಕಿವಿಯಲ್ಲಿ ಸಿಕ್ಕಿಸಿದ್ದನ್ನು ತೆಗೆದು ಮಾತಾಡಿಸುತ್ತಾನೆ. ಊರ ಮಕ್ಕಳು ಲಿವರ್‌ಪೂಲ್ ಅಂಗಿ ತೊಟ್ಟು ನಮ್ಮ ಮೈದಾನದ ಮುಂದೆಯೇ ಶಾಲೆಗೆ ಹೋಗುತ್ತವೆ. ಅವು ತಮ್ಮ ಆಟಗಾರರನ್ನು ಫೋನಿನಲ್ಲಿ ನೋಡುತ್ತವೆ. ನಾವು ನಮ್ಮವರನ್ನು ಮೀನು-ಚಿಪ್ಸ್ ಅಂಗಡಿಯ ಸಾಲಿನಲ್ಲಿ ನೋಡುತ್ತಿದ್ದೆವು. ಹ್ಯಾರಿ ಕೇನ್ ಹೇಗೆ ಎಂದು ಯಾರಾದರೂ ಕೇಳಿದರೆ ಕ್ಲಿಫ್ ಸ್ವಲ್ಪ ಯೋಚಿಸಿ, "ಆಡ್ತಾನೆ. ಆದ್ರೆ ಲಂಡನ್ ಕಡೆಯವನು," ಅನ್ನುತ್ತಾನೆ.

ಮೈದಾನದಲ್ಲಿ ಕ್ಲಿಫ್‌ನ ಒಂದು ಪಕ್ಕಕ್ಕೆ ನಾನು ಕೂರುತ್ತೇನೆ, ಇನ್ನೊಂದು ಪಕ್ಕಕ್ಕೆ ಸಿರಿಲ್ ಪಿಲ್ಲಿಂಗ್. ಅವರಿಬ್ಬರೂ ಪ್ರತಿ ವರ್ಷ ಒಟ್ಟಿಗೆ ಹೋಗಿ, ಪಕ್ಕಪಕ್ಕದ ಸೀಟೇ ಬೇಕೆಂದು ಹಟ ಹಿಡಿದು ಟಿಕೆಟ್ ಮಾಡಿಸುತ್ತಾರೆ. ಆಮೇಲೆ ವರ್ಷವಿಡೀ ಕಾಲು ಕೆರೆದು ಜಗಳವಾಡುತ್ತಾರೆ. ಜಗಳದ ವಿಷಯ ಒಂದೇ, ಸಿರಿಲ್‌ನ ಅಪ್ಪ.

ಆ ಅಪ್ಪ, ಜೋ ಪಿಲ್ಲಿಂಗ್, ಕಲ್ಲಿದ್ದಲು ಗಣಿಯವನು. ಗಣಿಯವರನ್ನು ಸೈನ್ಯಕ್ಕೆ ಕಳಿಸುತ್ತಿರಲಿಲ್ಲ. ಹಾಗಾಗಿ ಹಿಟ್ಲರನ ಯುದ್ಧ ನಡೆದಷ್ಟು ಕಾಲವೂ ಅವನು ವಾರವೆಲ್ಲ ನೆಲದಡಿ ಅಗೆದು, ಶನಿವಾರ ಟೌನ್‌ಗೆ ಆಡಿ, ನೂರರ ಮೇಲೆ ಗೋಲು ಹೊಡೆದ. ಯುದ್ಧ ಮುಗಿದು ಲೀಗ್ ಮತ್ತೆ ಶುರುವಾಗುವ ಮುಂಚೆ ಗಣಿಯ ಚಾವಣಿ ಕುಸಿದು ಅವನ ಕಾಲು ಮುರಿಯಿತು. ಯುದ್ಧಕಾಲದಲ್ಲಿ ಲೀಗ್ ನಿಂತಿತ್ತಲ್ಲ, ಆಗಿನ ಪಂದ್ಯಗಳನ್ನು ಅಧಿಕೃತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಗದದ ಪ್ರಕಾರ ಜೋ ಪಿಲ್ಲಿಂಗ್ ಟೌನ್‌ಗೆ ಆಡಿಯೇ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

"ನಿಮ್ಮಪ್ಪ ಗೋಲು ಹೊಡೆದಾಗ ಎದುರಿಗೆ ನಿಂತಿದ್ದವ್ರು ಯಾರು ಹೇಳು," ಎಂದು ಕ್ಲಿಫ್ ಶುರು ಮಾಡುತ್ತಾನೆ. "ಸೈನ್ಯದ ಅಡುಗೆಯವ್ರು. ರಜಕ್ಕೆ ಬಂದ ಬ್ಯಾಂಡಿನವ್ರು."

"ಅಡುಗೆಯವ್ರಾದ್ರೂ ಕಣ್ಣಿಗೆ ಕಾಣ್ತಿದ್ರು. ನಿನ್ನೆದುರು ಯಾರಿದ್ರು ಅಂತ ನಿಂಗೆ ಇವತ್ತಿಗೂ ಗೊತ್ತಿಲ್ಲ."

"ಸ್ಟ್ಯಾನ್ಲಿ ಮ್ಯಾಥ್ಯೂಸ್ ಇಂಗ್ಲೆಂಡಿಗೆ ಯುದ್ಧದ ಟೈಮಲ್ಲಿ ಆಡಿದ್ದನ್ನೇ ಲೆಕ್ಕಕ್ಕೆ ಹಿಡಿದಿಲ್ಲ ಕಣಯ್ಯಾ. ನಿಮ್ಮಪ್ಪ ಮ್ಯಾಥ್ಯೂಸ್‌ಗಿಂತ ದೊಡ್ಡವನಾ?"

"ಎತ್ತರದಲ್ಲಿ," ಅನ್ನುತ್ತಾನೆ ಸಿರಿಲ್.

ಅಲ್ಲಿಗೆ ಮೊದಲಾರ್ಧ ಮುಗಿದಿರುತ್ತದೆ.

ಜಗಳ ಸೀಟಿನಲ್ಲೇ ಉಳಿದಿದ್ದರೆ ತೊಂದರೆಯಿರಲಿಲ್ಲ. ಆದರೆ ಇಬ್ಬರೂ ತಂಡದ ಚರಿತ್ರೆ ಸಮಿತಿಯಲ್ಲಿದ್ದಾರೆ. ತಂಡದ ಹಳೆಯ ವಿಷಯಗಳಲ್ಲಿ ಯಾವುದು ನಿಜ ಎಂದು ತೀರ್ಮಾನಿಸುವುದು ಆ ಸಮಿತಿಯ ಕೆಲಸ. ಅಧ್ಯಕ್ಷೆ ಹಿಲರಿ ಡಕ್ವರ್ತ್, ನಿವೃತ್ತ ದಂತವೈದ್ಯೆ. ಇವರಿಬ್ಬರಲ್ಲದೆ ಪೈ ಎಂಬ ಮಾಂಸದ ಕಡುಬು ತಿನ್ನಲು ಬರುವ ಮೂವರು ಇದ್ದಾರೆ. ಹಿಂದೊಮ್ಮೆ, ಮೊದಲ ವರ್ಷದ ಅಂಗಿಯ ಬಣ್ಣ ನೇರಳೆಯೋ ಕಡುಗೆಂಪೋ ಎಂದು ಮತ ಹಾಕಿಸಿದ್ದರಿಂದ ಇಬ್ಬರು ಸದಸ್ಯರು ಸಾಯುವ ತನಕ ಮಾತು ಬಿಟ್ಟರು. ಅಂದಿನಿಂದ ಯಾವ ತೀರ್ಮಾನಕ್ಕೂ ಎಲ್ಲರ ಕೈ ಏಳಬೇಕು ಎಂಬ ನಿಯಮ ಬಂತು. ಯುದ್ಧಕಾಲದ ಪಂದ್ಯಗಳನ್ನು ಸೇರಿಸಿ ಎಂದು ಸಿರಿಲ್ ವರ್ಷಕ್ಕೊಮ್ಮೆ ಕೇಳುತ್ತಾನೆ, ಕ್ಲಿಫ್‌ನ ಕೈ ಏಳುವುದಿಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹೀಗಿರುವಾಗ ತಂಡಕ್ಕೆ ನೂರಿಪ್ಪತ್ತೈದು ವರ್ಷ ತುಂಬಿತು. ಪ್ರಚಾರದ ಕೆಲಸಕ್ಕೆ ಹೊಸದಾಗಿ ಬಂದ ಅನೀಸಾ ಹುಸೇನ್ ಎಂಬ ಹುಡುಗಿ, ಟೌನ್‌ಗೆ ಆಡಿದ ಪ್ರತಿಯೊಬ್ಬನಿಗೂ ಅವನು ಮೊದಲು ಆಡಿದ ಕ್ರಮದಲ್ಲಿ ಒಂದು ನಂಬರು ಕೊಡೋಣ, ಗೌರವಕ್ಕೆ ನಂಬರು ಹೊಲಿದ ಟೋಪಿ ಕೊಡೋಣ ಅಂದಳು. ಬದುಕಿರುವವರನ್ನೆಲ್ಲ ನವೆಂಬರಿನ ಒಂದು ಶನಿವಾರ ವಿರಾಮದ ಹೊತ್ತಿಗೆ ಮೈದಾನದಲ್ಲಿ ನಡೆಸುವುದು. ಸತ್ತವರ ಪರವಾಗಿ ಮಕ್ಕಳು ಬರುವುದು. ಬೇರೆ ತಂಡಗಳು ಆಗಲೇ ಮಾಡಿವೆ ಅಂದಳು. ಅನೀಸಾಳ ಅಜ್ಜ ನಮ್ಮೂರ ಗಿರಣಿಯಲ್ಲಿ ರಾತ್ರಿ ಪಾಳಿಯಲ್ಲಿದ್ದವರು, ಅವಳು ಹುಟ್ಟಿದ್ದೇ ಮೈದಾನದ ಹಿಂದಿನ ಬೀದಿಯಲ್ಲಿ. ಆ ಬೇಸಿಗೆಯಲ್ಲಷ್ಟೇ ಇಂಗ್ಲೆಂಡಿನ ಹೆಂಗಸರ ತಂಡ ಯುರೋಪನ್ನು ಗೆದ್ದಿತ್ತು. ಗಂಡಸರ ತಂಡ ಇನ್ನೂ ಅರವತ್ತಾರರ ವಿಶ್ವಕಪ್ಪಿನ ನೆನಪಿನ ಮೇಲೆಯೇ ಕಾಲ ಹಾಕುತ್ತಿತ್ತು. ಅನೀಸಾ ಆ ಗೆದ್ದವರ ಅಂಗಿ ತೊಟ್ಟು ಕೆಲಸಕ್ಕೆ ಬರುತ್ತಿದ್ದಳು. ಯಾರೂ ಏನೂ ಅನ್ನುವಂತಿರಲಿಲ್ಲ.

ಕ್ಲಿಫ್ ತನ್ನ ನೀಲಿ ಕೋಟನ್ನು ಡ್ರೈಕ್ಲೀನಿಂಗಿಗೆ ಕೊಟ್ಟ. ಯಾಕೆ ಅಂತ ನಾನು ಕೇಳಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಅನೀಸಾ ನಮ್ಮ ಮನೆ ಬಾಗಿಲಿಗೆ ಬಂದಳು.

"ಮಿಸೆಸ್ ಹ್ಯಾಲಿವೆಲ್, ಅವ್ರು ಇದಾರಾ?"

"ಮೊಣಕಾಲು ತೋರ್ಸೋಕೆ ಹೋಗಿದಾನೆ."

"ಒಳ್ಳೇದಾಯ್ತು," ಅಂದಳು. ಅಂದ ಮೇಲೆ ಅದು ಆಡುವ ಮಾತಲ್ಲವೆಂದು ತಿಳಿದು ಮುಖ ಕೆಂಪು ಮಾಡಿಕೊಂಡಳು.

ಚಹಾ ಕೊಟ್ಟೆ. ಅದನ್ನು ಕುಡಿಯದೆ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದಳು. ರದ್ದಾದ ಪಂದ್ಯ, ಪಂದ್ಯವೇ ಅಲ್ಲವಂತೆ. ಅದರಲ್ಲಿ ಹೊಡೆದ ಗೋಲು ಗೋಲಲ್ಲ, ಆಡಿದವನು ಆಡಿದವನಲ್ಲ. ಕ್ಲಿಫ್‌ಗೆ ನಂಬರು ಬರುವುದಿಲ್ಲ.

"ಅವತ್ತು ನಾನಲ್ಲಿದ್ದೆ ಕಣಮ್ಮಾ," ಅಂದೆ. "ಅವನ ಹೆಸರನ್ನ ಮೈಕಲ್ಲಿ ಕೂಗಿದ್ದು ಕೇಳಿದ್ದೀನಿ."

"ಗೊತ್ತು. ನಂಗೂ ಸಂಕಟ ಆಗ್ತಿದೆ. ಚರಿತ್ರೆ ಸಮಿತಿ ಒಪ್ಪಿದ್ರೆ ಕೊಡಬಹುದು ಅಂತ ಮೇಲಿನವರು ಹೇಳಿದಾರೆ. ಆದ್ರೆ ಎಲ್ಲರೂ ಕೈ ಎತ್ಬೇಕಲ್ಲ, ಮಿಸ್ಟರ್ ಪಿಲ್ಲಿಂಗ್ ಕೂಡ..." ಮಾತು ಅಲ್ಲಿಗೇ ಬಿಟ್ಟಳು.

ಕ್ಲಿಫ್ ಬಂದ. ಊಟಕ್ಕೆ ಬಡಿಸಿ, ವಿಷಯ ಹೇಳಿದೆ. ಅವನು ಆಲೂಗಡ್ಡೆಯನ್ನು ಎರಡು ಹೋಳು ಮಾಡಿದ.

"ಗೊತ್ತು," ಅಂದ.

"ಯಾವಾಗಿಂದ?"

"ಪಂದ್ಯ ರದ್ದಾಯ್ತಲ್ಲ, ಆ ಸೋಮವಾರದಿಂದ. ಮ್ಯಾನೇಜರ್ ಕರೆದು ಹೇಳಿದ್ರು."

"ಮತ್ತೆ ಇಷ್ಟು ವರ್ಷ?"

"ಯಾರೂ ಕೇಳ್ಲಿಲ್ಲ."

ಐವತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವಳಿಗೆ ಹೇಳದೆ ಈ ಮನುಷ್ಯ ಇಂಥದೊಂದನ್ನು ಎದೆಯಲ್ಲಿಟ್ಟುಕೊಂಡು ಬಸ್ ಓಡಿಸಿದ್ದಾನೆ. ಬೈಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು, ತಟ್ಟೆಯಿಂದ ಕಣ್ಣೆತ್ತದೆ, "ಟೋಪಿ ಕೊಡೋ ಶನಿವಾರ ಲೀಡ್ಸ್‌ಗೆ ಹೋಗೋಣ. ಮಗಳನ್ನ ನೋಡ್ಕೊಂಡು ಬರೋಣ," ಅಂದ.

ಲೀಡ್ಸ್ ಇರುವುದು ನಮ್ಮ ಕಡೆಯವರಿಗೆ ಹಳೆಯ ಜಿದ್ದಿರುವ ಯಾರ್ಕ್‌ಷೈರಿನಲ್ಲಿ. ಮಗಳು ಅಲ್ಲಿನವನನ್ನು ಮದುವೆಯಾದಾಗ ಇವನು ಮನೆಯಲ್ಲಿ ಸಾವಾದವನಂತೆ ವಾರವಿಡೀ ಕೂತಿದ್ದ. ಮೊಮ್ಮಗಳು ಹುಟ್ಟಿದ್ದು ಶನಿವಾರ; ಇವನು ಹೋಗಿದ್ದು ಭಾನುವಾರ. ಊರಿನಲ್ಲಿ ನಡೆದ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದವನು ತಾನಾಗಿ ಲೀಡ್ಸ್‌ಗೆ ಹೊರಡುತ್ತಾನೆಂದರೆ ನನಗೆ ಹೆದರಿಕೆಯಾಯಿತು. ಬೈಗುಳ ನುಂಗಿಕೊಂಡೆ.

ಆಮೇಲೆ ಅವನು ಕ್ಷೌರಕ್ಕೆ ಹೋಗುವುದನ್ನು ಬಿಟ್ಟ. ಕೂದಲು ಕಾಲರಿನ ಮೇಲೆ ಬಂತು. ವಯಸ್ಸು ಎಪ್ಪತ್ತೈದಾಗಿದ್ದರೂ ಆ ತನಕ ನನ್ನ ಕಣ್ಣಿಗೆ ಅವನು ಮುದುಕನಾಗಿ ಕಂಡಿರಲಿಲ್ಲ, ಆಗ ಕಂಡ. ಆ ಶನಿವಾರ ಹಳಬರೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲುವಾಗ ಇವನ ಸೀಟು ಖಾಲಿಯಿದ್ದರೆ ಊರು ನೋಡುತ್ತದೆ, ಇವನು ಸೀಟಿನಲ್ಲಿ ಕೂತಿದ್ದರೆ ಇನ್ನೂ ಚೆನ್ನಾಗಿ ನೋಡುತ್ತದೆ. ಎರಡನ್ನೂ ನನ್ನಿಂದ ಸಹಿಸಲು ಆಗುತ್ತಿರಲಿಲ್ಲ.

ಅವನಿಗೆ ಹೇಳದೆ ಸಿರಿಲ್‌ನನ್ನು ಹುಡುಕಿಕೊಂಡು ಹೋದೆ. ರೈಲು ಹಳಿಯ ಪಕ್ಕ ಪುರಸಭೆಯವರು ಬಾಡಿಗೆಗೆ ಕೊಡುವ ತರಕಾರಿ ಪಾತಿಗಳಿವೆ. ಹೆಂಡತಿ ಹೋದ ಮೇಲೆ ಸಿರಿಲ್ ಹಗಲೆಲ್ಲ ಅಲ್ಲೇ ಇರುತ್ತಾನೆ. ಎಲೆಕೋಸಿನ ಹುಳು ಆರಿಸುತ್ತಿದ್ದವನು ನನ್ನನ್ನು ನೋಡಿ ತಲೆ ಮಾತ್ರ ಎತ್ತಿದ.

"ಏನು ಏವ್ರಿಲ್, ಕ್ಲಿಫ್ ಸತ್ತನಾ?"

"ಇಲ್ಲ."

"ಹೂಂ," ಅಂದು ಮತ್ತೆ ಹುಳು ಆರಿಸಿದ.

ನಂಬರಿನ ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ರದ್ದಾದ ಪಂದ್ಯ ಲೆಕ್ಕಕ್ಕಿಲ್ಲ ಅನ್ನೋದು ಊರಿಗೆಲ್ಲ ಗೊತ್ತು," ಅಂದ. "ನಿಂಗೆ ಗೊತ್ತಿಲ್ಲ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ."

"ಇಷ್ಟು ವರ್ಷ ನಿಮ್ಮಪ್ಪನ್ನ ಆಡ್ಕೊಂಡ. ಒಂದ್ಸಲನಾದ್ರೂ ತಿರುಗಿಸಿ ಅನ್ನಬಹುದಿತ್ತಲ್ಲ, ನಿಂದೂ ಲೆಕ್ಕಕ್ಕಿಲ್ಲ ಕಣೋ ಅಂತ."

ಸಿರಿಲ್ ಒಂದು ಹುಳುವನ್ನು ಬೆರಳಿನಲ್ಲಿ ಹಿಡಿದು, ಬೇಲಿಯಾಚೆ ರೈಲ್ವೆಯವರ ಜಾಗಕ್ಕೆ ಎಸೆದ.

"ನಮ್ಮಪ್ಪಂದು ನೂರು ಗೋಲು. ಒಂದೆರಡನ್ನ ಯಾರಾದ್ರೂ ಇಲ್ಲ ಅಂದ್ರೂ ನಡೆಯುತ್ತೆ," ಅಂದ. "ಅವನ ಹತ್ರ ಇರೋದು ಅದೊಂದೇ. ಅದನ್ನೂ ಕಿತ್ಕೊಂಡ್ರೆ ನಾನು ಶನಿವಾರ ಯಾರ ಜೊತೆ ಜಗಳ ಆಡ್ಲಿ?"

ನಾನು ಬಂದಿದ್ದು ವ್ಯಾಪಾರಕ್ಕೆ. ಮೂಗು ಒರೆಸಿಕೊಂಡು ವಿಷಯಕ್ಕೆ ಬಂದೆ. ಕ್ಲಿಫ್ ಯುದ್ಧಕಾಲದ ಪಂದ್ಯಗಳಿಗೆ ಕೈ ಎತ್ತುತ್ತಾನೆ, ನೀನು ರದ್ದಾದ ಪಂದ್ಯಕ್ಕೆ ಕೈ ಎತ್ತು. ನಿಮ್ಮಪ್ಪನಿಗೂ ಟೋಪಿ, ಇವನಿಗೂ ಟೋಪಿ.

"ಅವನು ಒಪ್ಪಿದಾನಾ?"

"ಒಪ್ಪಿಸ್ತೀನಿ."

"ನಿನ್ನ ಗಂಡನ್ನ ನೀನು ಸರಿಯಾಗಿ ನೋಡಿಲ್ಲ," ಅಂದ ಸಿರಿಲ್. ಮತ್ತೊಂದು ಕೋಸಿನ ಎಲೆ ಮಗುಚಿ, "ಆಯ್ತು. ಆದ್ರೆ ಅವನೇ ಮೊದ್ಲು ಎತ್ಬೇಕು," ಅಂದ. ಒಂದು ಕೋಸು ಕಿತ್ತು ನನ್ನ ಕೈಗೆ ಕೊಟ್ಟ. ಹುಳು ಇದ್ದುದು.

ಕ್ಲಿಫ್‌ಗೆ ಆ ಸಂಜೆಯೇ ಹೇಳಿದೆ. ಅವನು ಟಿವಿ ನೋಡುತ್ತಿದ್ದ. ಲಂಡನ್ ಕಡೆಯ ಎರಡು ದೊಡ್ಡ ತಂಡಗಳ ಆಟ, ಬಣ್ಣದ ಬೂಟುಗಳು.

"ಸಿರಿಲ್ ಹತ್ರ ಹೋಗಿದ್ಯಾ?"

"ಹೋಗಿದ್ದೆ."

"ನನ್ನನ್ನ ಕೇಳ್ದೆ?"

"ನೀನು ಯಾವುದನ್ನ ನನಗೆ ಹೇಳಿ ಮಾಡಿದ್ದೀಯ?"

ಅವನು ಟಿವಿಯ ಸದ್ದು ತಗ್ಗಿಸಿದ. ಬೂಟುಗಳು ಸದ್ದಿಲ್ಲದೆ ಓಡಾಡಿದವು. "ಅವನು ಕೈ ಎತ್ತೀನಿ ಅಂದನಾ? ಅವನ ಬಾಯಿಂದಲೇ?" ಅಂತ ಕೇಳಿದ.

"ಅವನ ಬಾಯಿಂದಲೇ."

ಮರುದಿನ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ. ಲೀಡ್ಸ್ ಮಾತು ಮತ್ತೆ ಎತ್ತಲಿಲ್ಲ. ವ್ಯಾಪಾರ ಕುದುರಿತು ಅಂದುಕೊಂಡು ನಾನು ಕೋಸಿನ ಸಾರು ಮಾಡಿದೆ, ಹುಳು ತೆಗೆದು.

ಸಮಿತಿ ಸೇರಿದ್ದು ಒಂದು ಬೆಳಿಗ್ಗೆ, ಮೈದಾನದ ಬಾರಿನಲ್ಲಿ. ನಿನ್ನೆಯ ಬಿಯರಿನ ವಾಸನೆ, ಇವತ್ತಿನ ಪೈ ವಾಸನೆ. ಕ್ಲಿಫ್‌ನ ಮೊಣಕಾಲಿನ ನೆಪ ಹೇಳಿ ನಾನೂ ಜೊತೆಗೆ ಹೋಗಿ ಕಿಟಕಿಯ ಹತ್ತಿರ ಕೂತೆ. ಪೈ ತಿನ್ನುವ ಮೂವರು ತಮ್ಮ ತಮ್ಮ ಕೆಲಸದಲ್ಲಿದ್ದರು. ಅನೀಸಾ ನನ್ನ ಕಡೆ ನೋಡಿ ಹೆಬ್ಬೆರಳು ತೋರಿಸಿದಳು.

ಹಿಲರಿ ಡಕ್ವರ್ತ್ ಹಲ್ಲು ನೋಡುವವರಂತೆ ಎಲ್ಲರ ಮುಖ ನೋಡಿದರು. "ಮೊದಲನೇ ವಿಷಯ. ಯುದ್ಧಕಾಲದ ಪಂದ್ಯಗಳನ್ನ ಸೇರಿಸ್ಬೇಕು ಅಂತ ಸಿರಿಲ್ ಕೇಳಿದಾರೆ. ಪ್ರತಿ ವರ್ಷದಂತೆ," ಅಂದರು. "ಒಪ್ಪುವವರು?"

ಮೂವರು ಪೈ ಇಲ್ಲದ ಕೈ ಎತ್ತಿದರು. ಹಿಲರಿ ಎತ್ತಿದರು. ಸಿರಿಲ್ ಎತ್ತಲಿಲ್ಲ, ಕ್ಲಿಫ್‌ನನ್ನೇ ನೋಡುತ್ತಾ ಕಾದ.

ಕ್ಲಿಫ್ ಕೈ ಎತ್ತಿದ. ಅರ್ಧಂಬರ್ಧವಲ್ಲ, ಶಾಲೆಯ ಹುಡುಗನಂತೆ ನೇರಕ್ಕೆ. ಪೈ ತಿನ್ನುವವರಲ್ಲಿ ಒಬ್ಬ ಅಗಿಯುವುದನ್ನು ನಿಲ್ಲಿಸಿದ.

"ಬರೆದುಕೊಳ್ಳೋ ಮುಂಚೆ ಒಂದು ಮಾತು," ಅಂದ ಕ್ಲಿಫ್. "ಜೋ ಪಿಲ್ಲಿಂಗ್ ಆಡಿದ ಪಂದ್ಯಗಳು ಮುಗಿದಿದ್ವು. ಅವನು ವಾರವಿಡೀ ಗಣಿಯಲ್ಲಿ ಅಗೆದು ಬಂದು ಆಡಿದ, ಸೀಟಿ ಊದೋವರೆಗೂ ಆಡಿದ. ಎದುರಿಗೆ ಯಾರಿದ್ರೂ ಗೋಲು ಗೋಲೇ. ಅದು ನಂಗೆ ಯಾವತ್ತೋ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಕೈ ಎತ್ತಿರ್ಲಿಲ್ಲ."

ಸಿರಿಲ್ ಕೈ ಎತ್ತುವುದನ್ನೇ ಮರೆತ. ಹಿಲರಿ ಕೆಮ್ಮಿದ ಮೇಲೆ ಎತ್ತಿದ. ಅಲ್ಲಿಗೆ ಜೋ ಪಿಲ್ಲಿಂಗ್, ಸತ್ತು ಮೂವತ್ತು ವರ್ಷದ ಮೇಲೆ, ಟೌನ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವನಾದ. ಅನೀಸಾ ಫೋನಿನಲ್ಲಿ ಏನೋ ಒತ್ತಿದಳು.

"ಎರಡನೇದು, ರದ್ದಾದ ಪಂದ್ಯಗಳು," ಅಂದರು ಹಿಲರಿ. ಅವರ ದನಿ ಮೆತ್ತಗಾಗಿತ್ತು. "ಇರೋದೇ ಒಂದು. ಒಪ್ಪುವವರು?"

ಈ ಸಲ ಸಿರಿಲ್‌ನ ಕೈ ಎಲ್ಲರಿಗಿಂತ ಮೊದಲು ಎದ್ದಿತು, ಹಿಲರಿ ವಾಕ್ಯ ಮುಗಿಸುವ ಮುಂಚೆಯೇ. ಆಮೇಲೆ ಹಿಲರಿಯವರದು, ಆಮೇಲೆ ಮೂವರದು. ಅವರಲ್ಲೊಬ್ಬ ಪೈಯನ್ನು ತಟ್ಟೆಯಲ್ಲಿಟ್ಟು ಎರಡೂ ಕೈ ಎತ್ತಿದ. ಮತವಿಲ್ಲದ ಅನೀಸಾ ಕೂಡ ಎತ್ತಿದಳು. ಕಿಟಕಿಯ ಹತ್ತಿರ ನನ್ನ ಕೈಯೂ ಮೇಲೆದ್ದಿತ್ತು, ನನಗೇ ತಿಳಿದಿರಲಿಲ್ಲ.

ಕ್ಲಿಫ್ ಒಬ್ಬೊಬ್ಬರನ್ನೇ ನೋಡಿದ. ಅವಸರವಿಲ್ಲದೆ ನೋಡಿದ. ಅವನ ಕೈಗಳು ಮೊಣಕಾಲ ಮೇಲೆ ಇದ್ದವು.

"ಕ್ಲಿಫ್," ಅಂದರು ಹಿಲರಿ, "ಕೈ?"

"ಎಲ್ಲಿರ್ಬೇಕೋ ಅಲ್ಲೇ ಇದೆ."

"ನಿಂದೇ ಕಣೋ ವಿಷಯ," ಅಂದ ಸಿರಿಲ್. "ಎತ್ತೋ ಮಾರಾಯ."

"ಅದು ಮುಗೀಲಿಲ್ಲ," ಅಂದ ಕ್ಲಿಫ್. "ನಿಮ್ಮಪ್ಪಂದು ಮುಗಿದಿತ್ತು, ನಂದು ಮುಗೀಲಿಲ್ಲ. ಮತ್ತೆ ಆಡಿಸ್ದಾಗ ನಾನು ಅದರಲ್ಲಿರ್ಲಿಲ್ಲ. ಮುಗೀದೇ ಇರೋದಕ್ಕೆ ನಾನು ಕೈ ಎತ್ತಲ್ಲ, ಯಾರದ್ದಾದ್ರೂ ಸರಿ."

"ಮಾತಾಗಿತ್ತಲ್ಲೋ," ಅಂದ ಸಿರಿಲ್. ಅವನ ಮುಖ ಕೋಸಿನ ಬಣ್ಣಕ್ಕೆ ತಿರುಗಿತ್ತು. "ನೀನೂ ಎತ್ತೋದು, ನಾನೂ ಎತ್ತೋದು ಅಂತ. ನೀನು ಕೊಟ್ಟು ನಾನು ಕೊಡದೆ ಹೋದ್ರೆ ಹೆಂಗೆ? ನಾನು ಹೆಂಗೆ ನಿನ್ನ ಪಕ್ಕ ಕೂರ್ಲಿ?"

"ಕೊಟ್ಯಲ್ಲ. ಕೈ ಎತ್ತಿದ್ಯಲ್ಲ."

"ಅದರಿಂದ ನಿಂಗೇನು ಸಿಕ್ತು?"

ಕ್ಲಿಫ್ ತಟ್ಟೆಯಲ್ಲಿ ಉಳಿದಿದ್ದ ಪೈ ತೆಗೆದುಕೊಂಡ. ಹಿಲರಿ ಮತ್ತೊಮ್ಮೆ ಕೇಳಿದರು, ನಿಯಮದ ಪ್ರಕಾರ. ಕ್ಲಿಫ್ ಅಗಿಯುತ್ತಾ ಇಲ್ಲವೆಂದು ತಲೆಯಾಡಿಸಿದ. ನಿರ್ಣಯ ಬಿದ್ದುಹೋಯಿತು. ಅನೀಸಾ ಅಳುತ್ತಿದ್ದಳು. ಸಿರಿಲ್ ಟೋಪಿ ಹಾಕಿಕೊಂಡು, ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಕ್ಲಿಫ್‌ಗೆ "ಕತ್ತೆ" ಅಂದು ಹೊರಟುಹೋದ.

ನಾವು ನಡೆದೇ ಮನೆಗೆ ಹೊರಟೆವು. ಗುಡ್ಡದ ಬೀದಿ, ಏರು. ನನಗೆ ಸಿಟ್ಟಿತ್ತು. ಅವನ ಮೇಲೆ ಹೆಮ್ಮೆಯೂ ಇತ್ತು, ಅದಕ್ಕೆ ಸಿಟ್ಟು ಇನ್ನೂ ಜಾಸ್ತಿಯಾಗಿತ್ತು. ಇಂಥ ಗಂಡನ ಬಗ್ಗೆ ಹೆಮ್ಮೆಪಡುವುದು ಆಯಾಸದ ಕೆಲಸ.

"ಒಂದು ಕೈ ಎತ್ತೋಕೆ ಏನಾಗಿತ್ತು ನಿಂಗೆ?" ಅಂದೆ ಮೊದಲ ತಿರುವಿನಲ್ಲಿ. "ಆ ಶನಿವಾರ ಏನು ಮಾಡ್ತೀಯ? ಲೀಡ್ಸ್‌ಗೆ ಹೋಗ್ತೀಯಾ?"

"ಯಾಕೆ ಲೀಡ್ಸ್‌ಗೆ? ಪಂದ್ಯ ಇದೆ," ಅಂದ. "ಸೀಟಲ್ಲಿ ಕೂತಿರ್ತೀನಿ. ಜೋ ಪಿಲ್ಲಿಂಗ್ ಹೆಸರು ಕೂಗ್ದಾಗ ಎದ್ದು ನಿಲ್ತೀನಿ."

ಬಸ್ಸೊಂದು ಏರಿ ಹೋಯಿತು. ಅವನು ಅದು ಕಣ್ಮರೆಯಾಗುವ ತನಕ ನಿಂತ, ಮೊಣಕಾಲಿಗೆ ವಿಶ್ರಾಂತಿ ಕೊಡಲು. ನಾನೂ ನಿಂತೆ.

"ಎಲ್ಲರೂ ಎತ್ತಿದ್ರು, ಅಲ್ವೇನೇ?" ಅಂದ.

"ಎಲ್ಲರೂ."

"ಆ ಹುಡುಗಿನೂ?"

"ಅವಳೂ. ನಾನೂ."

ಸ್ವಲ್ಪ ದೂರ ನಡೆದೆವು.

"ಮೊದ್ಲು ಎತ್ತಿದ್ದು ಯಾರು?"

ಅವನಿಗೆ ಗೊತ್ತಿತ್ತು. ಅವನು ಅದನ್ನು ನನ್ನ ಬಾಯಿಂದ ಕೇಳಬೇಕಿತ್ತು.

"ಸಿರಿಲ್," ಅಂದೆ. "ಹಿಲರಿ ಇನ್ನೂ ಮಾತು ಮುಗಿಸಿರ್ಲಿಲ್ಲ."

"ಹೂಂ," ಅಂದ ಕ್ಲಿಫ್. ಆಮೇಲೆ ಆ ಮೊಣಕಾಲು ಇಟ್ಟುಕೊಂಡು ಏರಿನಲ್ಲಿ ಎಷ್ಟು ಜೋರಾಗಿ ನಡೆದನೆಂದರೆ, ನಾನು ಹಿಂದೆ ಬಿದ್ದೆ.